ಬೋರ್ಡೋ ಅಂದರೆ ನಮಗೆ ಮದ್ದು

(ಬೆಂಗಳೂರಿನಲ್ಲಿ ಗೆಳೆಯರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದು ಹಳೇ ಫ್ರೆಂಚ್ ಕೆಂಪು ವೈನ್ ಬಗ್ಗೆ. ಆದರೆ ಅಡಿಕೆ ತೋಟದಿಂದ ಶುರು ಮಾಡುತ್ತೇನೆ. ಯಾಕೆ ಅನ್ನೋದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ನಾನು ಹುಟ್ಟಿ ಬೆಳೆದಿದ್ದು ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮನೆ ಕೊಟ್ಟಿಗೆ ಪಕ್ಕ ಎರಡು ಡ್ರಮ್ಮು ಇದ್ದವು. ಒಳಗೂ ಹೊರಗೂ ನೀಲಿ ಬಣ್ಣ ಹಿಡಿದು ಹೋಗಿತ್ತು. ಜೂನ್ ಹತ್ತಿರ ಬಂತೆಂದರೆ ಒಂದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗುತ್ತಿತ್ತು, ಇನ್ನೊಂದರಲ್ಲಿ ಸುಣ್ಣ. ನೂರು ಲೀಟರ್ ನೀರಿಗೆ ಅದೊಂದು ಕೆಜಿ, ಇದೊಂದು ಕೆಜಿ. ಎರಡೂ ಸೇರಿದಾಗ ತಿಳಿ ಆಕಾಶದ ಬಣ್ಣ ಬರುತ್ತಿತ್ತು. ಅಜ್ಜ ಅದರಲ್ಲಿ ಕತ್ತಿ ಅದ್ದಿ ತೆಗೆದು ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಈ ದ್ರಾವಣದ ಹೆಸರು ಬೋರ್ಡೋ. ಮಳೆಗಾಲ ಶುರುವಾಗುವಾಗ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದೇ ‘ಬೋರ್ಡೋ ಹೊಡೆದಾಯ್ತಾ?’ ಎಂದು. ಹೊಡೆಯದಿದ್ದರೆ ಅಡಿಕೆಗೆ ಕೊಳೆ ಎಂಬ ರೋಗ ಬರುತ್ತದೆ. ಕೊಳೆ ಬಂದರೆ ಎಳೇ ಅಡಿಕೆ ರಾಶಿರಾಶಿ ಉದುರುತ್ತದೆ. ಆ ವರ್ಷದ ಕಥೆ ಮುಗಿಯಿತು.

ಬೋರ್ಡೋ ಅನ್ನೋದು ಒಂದು ಊರಿನ ಹೆಸರು ಅಂತ ನನಗೆ ತಿಳಿದಿದ್ದು ಹೈಸ್ಕೂಲಿನಲ್ಲಿ, ಭೂಪಟ ನೋಡುವಾಗ. ಮುಂದೆ ಕೆಲಸದ ಮೇಲೆ ಅದೇ ಊರಿನಲ್ಲಿ ಮೂರು ವರ್ಷ ಇರುವ ಹಾಗಾಯಿತು. ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಕೆಳಗೆ ಮನೆಯ ಯಜಮಾನರು, ನಿವೃತ್ತ ಶಾಲಾ ಮೇಷ್ಟ್ರು, ಅವರ ಹೆಂಡತಿ, ಒಬ್ಬಳೇ ಮಗಳು.

2016ರ ಜೂನ್ ಕೊನೆ. ಮಗಳಿಗೆ ಇಪ್ಪತ್ತು ತುಂಬಿತ್ತು. ನನ್ನನ್ನೂ ಊಟಕ್ಕೆ ಕರೆದರು. ಮಗು ಹುಟ್ಟಿದ ವರ್ಷದ ವೈನ್ ಕೊಂಡು ನೆಲಮಾಳಿಗೆಯಲ್ಲಿ ಮಲಗಿಸಿಡುವುದು ಅಲ್ಲಿ ಎಷ್ಟೋ ಮನೆಗಳ ರೂಢಿ. ಮಗು ದೊಡ್ಡದಾದಾಗ ತೆಗೆಯುತ್ತಾರೆ. ಮೇಷ್ಟ್ರು ತೆಗೆದ ಬಾಟಲಿಯ ಮೇಲೆ ಹಳದಿ-ಕೇಸರಿ ಲೇಬಲ್ ಇತ್ತು. ದ್ಯುಕ್ರು-ಬೊಕಾಯು, ಸ್ಯಾಂ-ಜೂಲಿಯೆನ್, 1996. ಮೊದಲನೆಯದು ತೋಟದ ಹೆಸರು, ಎರಡನೆಯದು ಅದಿರುವ ಹಳ್ಳಿಯದು.

ದ್ರಾಕ್ಷಿ ಕೊಯ್ದಿದ್ದು 1996ರಲ್ಲಿ. ಅವರು ದುಡ್ಡು ಕೊಟ್ಟಿದ್ದು 1997ರಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗ. ಬಾಟಲಿ ಕೈಗೆ ಬರಲು ಮತ್ತೂ ಒಂದು ವರ್ಷದ ಮೇಲೆ ಕಾದರು. ಹೀಗೆ ಪೀಪಾಯಿಯಲ್ಲಿರುವಾಗಲೇ ಮಾರುವುದು ಬೋರ್ಡೋದ ಪದ್ಧತಿ. ನಮ್ಮಲ್ಲಿ ಮಾವಿನ ತೋಪನ್ನು ಹೂ ಬಿಟ್ಟಾಗಲೇ ಗುತ್ತಿಗೆ ಕೊಡುತ್ತಾರಲ್ಲ, ಸ್ವಲ್ಪ ಹಾಗೆ.

ಬಾಟಲಿಯನ್ನು ಎರಡು ದಿನ ಮೊದಲೇ ನಿಲ್ಲಿಸಿಟ್ಟಿದ್ದರು. ಅಷ್ಟು ವರ್ಷ ಮಲಗಿದ ಬಾಟಲಿಯಲ್ಲಿ ಗಷ್ಟು ಒಂದು ಮಗ್ಗುಲಿಗೆ ಕೂತಿರುತ್ತದೆ. ಅದು ತಳಕ್ಕೆ ಇಳಿಯಬೇಕು. ಇಪ್ಪತ್ತು ವರ್ಷದ ಬಿರಡೆ ಮೆತ್ತಗಾಗಿರುತ್ತದೆ. ತಿರುಪಿನ ಓಪನರ್ ಹಾಕಿದರೆ ಪುಡಿಯಾಗಬಹುದು. ಅದಕ್ಕೇ ಎರಡು ತೆಳು ಅಲಗಿರುವ ಒಂದು ಸಾಧನವನ್ನು ಬಿರಡೆಯ ಎರಡೂ ಪಕ್ಕ ಇಳಿಸಿ, ನಿಧಾನ ತಿರುಗಿಸುತ್ತಾ ಎಳೆದರು. ಆಮೇಲೆ ಮೇಣದ ಬತ್ತಿ ಹಚ್ಚಿದರು. ಬಾಟಲಿಯ ಕುತ್ತಿಗೆ ದೀಪದ ಮೇಲೆ ಬರುವಂತೆ ಹಿಡಿದು, ಗಾಜಿನ ಹೂಜಿಗೆ ವೈನ್ ಬಗ್ಗಿಸತೊಡಗಿದರು. ಕೈ ಅಲ್ಲಾಡಲಿಲ್ಲ. ಯಾರೂ ಮಾತಾಡಲಿಲ್ಲ. ಬೆಳಕಿನಲ್ಲಿ ಕಪ್ಪು ಎಳೆಯೊಂದು ಕುತ್ತಿಗೆಯ ಹತ್ತಿರ ಬಂತು. ತಕ್ಷಣ ನಿಲ್ಲಿಸಿದರು. ತಳದಲ್ಲಿ ಎರಡು ಬೆರಳು ಉಳಿಯಿತು. ನೋಡಿದರೆ ಕಾಫಿ ಫಿಲ್ಟರಿನ ಚರಟದ ಥರ ಇತ್ತು.

‘ಇದೇನು ಗೊತ್ತಾ?’ ಎಂದು ಮೇಷ್ಟ್ರು ಕೇಳಿದರು. ‘ಹುಡುಗನಾಗಿದ್ದಾಗಿನ ಸಿಟ್ಟು.’

ಆ ಗಷ್ಟು ಏನು ಅಂತ ನಮ್ಮ ಭಾಷೆಯಲ್ಲೇ ಹೇಳಬಹುದು. ಅದು ಒಗರು.

ವೈನ್ ರುಚಿ ನೋಡುವುದನ್ನು ಕಲಿಸುವ ತರಗತಿಗಳಿಗೆ ನಾನು ಅಲ್ಲಿ ಹೋಗಿದ್ದೇನೆ. ಟ್ಯಾನಿನ್ ಅಂದರೇನು ಎಂದು ತಿಳಿಸಲು ಅವರು ಬಹಳ ಕಷ್ಟಪಡುತ್ತಾರೆ. ಜಾಸ್ತಿ ಕುದಿಸಿದ ಚಹಾ ಕುಡಿಸುತ್ತಾರೆ. ಇದು ರುಚಿಯಲ್ಲ, ಬಾಯಿಗೆ ಆಗುವ ಒಂದು ಅನುಭವ ಎಂದು ವಿವರಿಸುತ್ತಾರೆ. ನಮಗೆ ಇದ್ಯಾವುದೂ ಬೇಡ ಅಲ್ವಾ? ಷಡ್ರಸಗಳ ಪಟ್ಟಿಯಲ್ಲೇ ಒಗರು ಇದೆ. ನೇರಳೆ ಹಣ್ಣು ತಿಂದವರಿಗೆ ಗೊತ್ತು. ಬಾಳೆಕಾಯಿ ಹೆಚ್ಚಿದವರ ಕೈಗೂ ಗೊತ್ತು. ಅಡಿಕೆ ಬೇಯಿಸುವ ಮನೆಯವರಿಗಂತೂ ಕೇಳುವುದೇ ಬೇಡ. ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ಚೊಗರನ್ನು ನಾಲಿಗೆಗೆ ಮುಟ್ಟಿಸಿ ನೋಡಿದ ಹುಡುಗ ಜನ್ಮದಲ್ಲಿ ಮರೆಯುವುದಿಲ್ಲ. ಚೊಗರು ಕೆಂಪು, ಚೊಗರು ಒಗರು. ಎಳೇ ಬೋರ್ಡೋ ವೈನ್ ಕುಡಿದಾಗ ನನಗೆ ಮೊದಲು ನೆನಪಾಗಿದ್ದೇ ಅದು.

ಒಗರು ಆಗುವುದು ಹೇಗೆ? ಜೊಲ್ಲಿನಲ್ಲಿ ಪ್ರೋಟೀನ್‌ಗಳಿವೆ. ಬಾಯಿ ಜಾರುವ ಹಾಗಿರುವುದು ಅವುಗಳಿಂದ. ಟ್ಯಾನಿನ್ ಹೋಗಿ ಅವುಗಳಿಗೆ ಅಂಟಿಕೊಳ್ಳುತ್ತದೆ. ಜಾರುವುದು ನಿಂತು ನಾಲಿಗೆ, ಒಸಡು ತರಕಲು ಆಗುತ್ತವೆ. ವೈನ್‌ಗೆ ಈ ಟ್ಯಾನಿನ್ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ಕೆಂಪು ಬಣ್ಣವೂ ಸಿಪ್ಪೆಯದೇ. ಹೆಚ್ಚಿನ ಕಪ್ಪು ದ್ರಾಕ್ಷಿಗಳನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ. ಅದಕ್ಕೇ ಸಿಪ್ಪೆ ಸಮೇತ ಹುಳಿ ಬರಿಸಿ, ಎರಡು ಮೂರು ವಾರ ರಸವನ್ನು ಸಿಪ್ಪೆಯ ಜೊತೆಗೇ ಬಿಡುತ್ತಾರೆ.

ಈ ಎಳೇ ವೈನ್ ಬಾಟಲಿಯೊಳಗೆ ಸುಮ್ನೆ ಇರುವುದಿಲ್ಲ. ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಣ್ಣದ ಕಣಗಳ ಜೊತೆಗೂ ಕೂಡಿಕೊಳ್ಳುತ್ತವೆ. ಕೆಲವು ದೊಡ್ಡದಾಗಿ, ಭಾರವಾಗಿ ತಳಕ್ಕೆ ಕೂರುತ್ತವೆ. ವರ್ಷ ಕಳೆದಂತೆ ನೇರಳೆ ಬಣ್ಣ ಇಟ್ಟಿಗೆ ಬಣ್ಣವಾಗುತ್ತದೆ. ಬಾಯನ್ನು ಹಿಡಿದೆಳೆಯುತ್ತಿದ್ದ ಒಗರು ಮೆತ್ತಗಾಗುತ್ತದೆ. ಮೇಷ್ಟ್ರು ಸಿಟ್ಟು ಅಂದಿದ್ದು ಇದನ್ನೇ.

ಎಲ್ಲಾ ವೈನ್ ಹೀಗೆ ಮಾಗುವುದಿಲ್ಲ. ಲೋಕದಲ್ಲಿ ಮಾಡುವ ಬಹುಪಾಲು ವೈನ್ ಒಂದೆರಡು ವರ್ಷದಲ್ಲೇ ಕುಡಿಯುವಂಥದ್ದು. ಹಳೇದಾದರೆ ಸಪ್ಪೆಯಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಬಾಳಬೇಕಾದರೆ ಶುರುವಿಗೇ ಒಗರೂ ಹುಳಿಯೂ ಗಟ್ಟಿಯಾಗಿರಬೇಕು, ಅದರಡಿಯಲ್ಲಿ ಹಣ್ಣಿನ ಸತ್ವವೂ ಇರಬೇಕು. ಕ್ಯಾಬರ್ನೆ ಸೊವಿನ್ಯೊನ್ ಎಂಬ ದ್ರಾಕ್ಷಿಗೆ ಆ ಗುಣ ಇದೆ. ಕಾಳು ಸಣ್ಣದು, ಸಿಪ್ಪೆ ದಪ್ಪ. ಅದು ತಡವಾಗಿ ಹಣ್ಣಾಗುತ್ತದೆ. 1996ರ ಸೆಪ್ಟೆಂಬರಿನಲ್ಲಿ ಅಲ್ಲಿ ಹಗಲು ಬಿಸಿಲು, ರಾತ್ರಿ ತಂಪು ಇತ್ತು. ತಡವಾಗಿ ಕೊಯ್ಯುವ ಕ್ಯಾಬರ್ನೆಗೆ ಅದು ಬಹಳ ಒಳ್ಳೆಯ ವರ್ಷವಾಯಿತು.

ಈಗ ಜಾಗದ ಬಗ್ಗೆ. ಬೋರ್ಡೋ ನಗರದಿಂದ ಉತ್ತರಕ್ಕೆ ಹೋದರೆ ಮೆದೋಕ್ ಎಂಬ ಉದ್ದನೆಯ ನಾಲಿಗೆಯಂಥ ಭೂಮಿ ಸಿಗುತ್ತದೆ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಜಿರೋಂದ್ ಅಳಿವೆ. ಒಂದು ಕಾಲಕ್ಕೆ ಇದರಲ್ಲಿ ಬಹಳಷ್ಟು ಜೌಗು ನೆಲ. 17ನೇ ಶತಮಾನದಲ್ಲಿ ಡಚ್ಚರು ಬಂದು ಕಾಲುವೆ ತೋಡಿ ನೀರು ಬಸಿದರು. ಉರುಟು ಕಲ್ಲಿನ ದಿಬ್ಬಗಳ ಮೇಲೆ ದ್ರಾಕ್ಷಿ ಬಂತು. ಕಲ್ಲು ಹಗಲಿನ ಶಾಖ ಹಿಡಿದಿಟ್ಟುಕೊಳ್ಳುತ್ತದೆ, ನೀರು ನಿಲ್ಲಲು ಬಿಡುವುದಿಲ್ಲ. ಬೊಕಾಯು ಎಂಬ ಹೆಸರು ಬಂದಿದ್ದೇ ಚಂದದ ಉರುಟು ಕಲ್ಲುಗಳು ಎಂಬ ಮಾತಿನಿಂದ. 1795ರಲ್ಲಿ ಬೆರ್ತ್ರಾಂ ದ್ಯುಕ್ರು ಎಂಬಾತ ತೋಟವನ್ನು ಕೊಂಡ. ಅವನ ಹೆಸರು ಮುಂದೆ ಸೇರಿಕೊಂಡಿತು. ಹೊಳೆ ಕಾಣುವ ಬಳ್ಳಿಯ ವೈನೇ ಒಳ್ಳೆಯದು ಎಂಬ ಮಾತು ಆ ಕಡೆ ಇದೆ. ಅದಕ್ಕೆ ಕಾರಣವೂ ಇದೆ. ಅಷ್ಟು ಅಗಲದ ನೀರು ಹತ್ತಿರದಲ್ಲಿದ್ದರೆ ಚಳಿ ತೀರಾ ಕಚ್ಚುವುದಿಲ್ಲ. ವಸಂತದ ಹಿಮಕ್ಕೆ ಚಿಗುರು ಸುಟ್ಟುಹೋಗುವುದು ಕಡಿಮೆ.

ಇತಿಹಾಸದಲ್ಲಿ ರಾಜರು, ರಾಣಿಯರು ಬೇಕಾದಷ್ಟು ಇದ್ದಾರೆ. 1152ರಲ್ಲಿ ಅಕ್ವಿಟೇನ್‌ನ ಎಲಿಯನೋರ್ ಮುಂದೆ ಇಂಗ್ಲೆಂಡಿನ ರಾಜನಾದ ಹೆನ್ರಿಯನ್ನು ಮದುವೆಯಾದಳು. ಆಮೇಲೆ ಮುನ್ನೂರು ವರ್ಷ ಬೋರ್ಡೋ ಇಂಗ್ಲಿಷರ ಕೈಯಲ್ಲಿತ್ತು, ವೈನ್ ಹಡಗುಗಳು ಆ ಕಡೆ ಹೊರಟವು. 1855ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸ್ಸಿನ ಮಹಾ ಪ್ರದರ್ಶನಕ್ಕೆಂದು ಬೋರ್ಡೋದ ವೈನ್‌ಗಳನ್ನು ದರ್ಜೆಯ ಪ್ರಕಾರ ವಿಂಗಡಿಸಲು ಹೇಳಿದ. ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಕೆಂಪು ವೈನ್‌ಗಳಲ್ಲಿ ಐದು ದರ್ಜೆ ಮಾಡಿದರು. ದ್ಯುಕ್ರು-ಬೊಕಾಯು ಎರಡನೇ ದರ್ಜೆಯಲ್ಲಿದೆ. ಪುಸ್ತಕಗಳು ಇದರ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ತೋಟದ ದಾರಿ ಬದಿಯಲ್ಲಿ ನಡೆದ ಒಂದು ಘಟನೆ.

ಅಂದು ರಾತ್ರಿ ಮೇಷ್ಟ್ರಿಗೆ ನಮ್ಮ ನೀಲಿ ಡ್ರಮ್ಮಿನ ಕಥೆ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟರು. ‘ನಿನ್ನ ಅಜ್ಜನ ಮದ್ದು ಹುಟ್ಟಿದ್ದು ಈ ಬಾಟಲಿಯ ತೋಟದಲ್ಲಿ’ ಎಂದರು. ನಾನು ನಂಬಲಿಲ್ಲ. ಆಮೇಲೆ ಓದಿ, ಹೋಗಿ ನೋಡಿ ಬಂದೆ. ನಿಜ.

19ನೇ ಶತಮಾನದ ಎರಡನೇ ಅರ್ಧ ಫ್ರಾನ್ಸಿನ ದ್ರಾಕ್ಷಿಗೆ ಕೆಟ್ಟ ಕಾಲ. ಮೊದಲು ಬೂದಿ ರೋಗ ಬಂತು. ಗಂಧಕ ದೂಳಿಸಿ ಅದನ್ನು ತಡೆದರು. ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಹೇನು ಅಮೆರಿಕದಿಂದ ಬಂತು. ಬಳ್ಳಿಗಳು ಸಾಲು ಸಾಲಾಗಿ ಒಣಗಿದವು. ಹೇನಿಗೆ ಜಗ್ಗದ ಅಮೆರಿಕದ ಬೇರಿನ ಮೇಲೆ ಫ್ರೆಂಚ್ ಬಳ್ಳಿ ಕಸಿ ಕಟ್ಟುವುದೇ ಉಪಾಯವಾಯಿತು. ಆದರೆ ಅಮೆರಿಕದ ಬಳ್ಳಿಗಳ ಜೊತೆ ಇನ್ನೊಂದು ಪೀಡೆ ಬಂತು, ಎಲೆಯಡಿ ಬಿಳಿ ಬೂಸ್ಟು ಬರಿಸುವ ಡೌನಿ ಮಿಲ್ಡ್ಯೂ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಫ್ರಾನ್ಸಿನಲ್ಲಿ ಇದು ಮೊದಲು ಕಂಡಿದ್ದು 1878ರಲ್ಲಿ. ಎಲೆ ಉದುರಿದ ಮೇಲೆ ಗೊನೆ ಹಣ್ಣಾಗುವುದೇ ಇಲ್ಲ.

1882ರ ಅಕ್ಟೋಬರ್. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಯಾರ್ದೆ ಸ್ಯಾಂ-ಜೂಲಿಯೆನ್‌ನ ತೋಟಗಳ ನಡುವೆ ನಡೆದು ಹೋಗುತ್ತಿದ್ದರು. ನಮ್ಮ ಕೃಷಿ ಪುಸ್ತಕಗಳಲ್ಲಿ ಇವರ ಹೆಸರು ಮಿಲ್ಲಾರ್ಡೆಟ್ ಅಂತ ಇರುತ್ತದೆ. ಎಲ್ಲಾ ಕಡೆ ಬಳ್ಳಿ ಬೋಳಾಗಿತ್ತು. ದಾರಿ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ನಿಂತಿತ್ತು, ಅದರ ಮೇಲೆ ನೀಲಿ ಕಲೆಗಳಿದ್ದವು. ಇದೇನೆಂದು ವಿಚಾರಿಸಿದರು. ತೋಟದ ಮೇಲ್ವಿಚಾರಕ ಎರ್ನೆಸ್ಟ್ ದಾವಿದ್ ಹೇಳಿದ್ದು ಇಷ್ಟೇ. ದಾರಿಹೋಕರು ಹಣ್ಣು ಕದಿಯುತ್ತಾರೆ. ವಿಷ ಹಾಕಿದ್ದಾರೆ ಅಂತ ಅವರಿಗೆ ಕಾಣಲಿ ಎಂದು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತೇವೆ.

ಮುಂದಿನ ಎರಡು ಮೂರು ವರ್ಷ ಮಿಯಾರ್ದೆ, ರಸಾಯನಶಾಸ್ತ್ರದ ಉಲಿಸ್ ಗೈಯೋನ್ ಮತ್ತು ದಾವಿದ್ ಸೇರಿ ಪ್ರಯೋಗ ಮಾಡಿದರು. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಎಲೆ ಸುಡದ ಹಾಗೆ ಹೇಗೆ ಎಂದು ನೋಡಿದರು. 1885ರಲ್ಲಿ ಮಿಯಾರ್ದೆ ಫಲಿತಾಂಶ ಪ್ರಕಟಿಸಿದರು. ಆ ಮಿಶ್ರಣಕ್ಕೆ ಊರಿನ ಹೆಸರೇ ನಿಂತಿತು.

ಕಳ್ಳರನ್ನು ದೂರ ಇಡಲು ಯಾರೋ ಆಳುಗಳು ಎರಚಿದ ನೀಲಿ ನೀರು ಅದು. ಆ ಆಳುಗಳ ಹೆಸರು ಎಲ್ಲೂ ಇಲ್ಲ. ಪ್ರಾಧ್ಯಾಪಕರು ಎಲೆ ನೋಡಿ ನಿಂತರಲ್ಲ, ನಿಂತು ಕೇಳಿದರಲ್ಲ, ಅದೂ ದೊಡ್ಡದೇ. ಇವರೆಲ್ಲರನ್ನು ಬಿಟ್ಟು ಬರೀ ಕೋಟೆ-ಬಂಗಲೆಗಳನ್ನೇ ಈ ವೈನ್‌ನ ಪರಂಪರೆ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಇಪ್ಪತ್ತೈದು ವರ್ಷದಲ್ಲಿ ಆ ನೀರು ಮಲೆನಾಡಿಗೆ ಬಂತು. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಬಂದ ಹೊಸದರಲ್ಲೇ ಅವರು ಅಡಿಕೆ ಕೊಳೆಯ ಬೆನ್ನು ಹತ್ತಿದರು. 1910ರಲ್ಲಿ ಅದರ ಮೇಲೆ ವರದಿ ತಂದರು. ರೋಗಕ್ಕೆ ನಮ್ಮ ರೈತರು ಕರೆಯುವ ಹೆಸರನ್ನೇ ಇಟ್ಟುಕೊಂಡರು. ಇವತ್ತಿಗೂ ಸಸ್ಯರೋಗದ ಇಂಗ್ಲಿಷ್ ಪುಸ್ತಕಗಳಲ್ಲಿ ‘ಕೊಳೆರೋಗ’ ಎಂದೇ ಇದೆ. ಅದಕ್ಕೂ ಮೊದಲು ನಮ್ಮವರು ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಮಳೆ ನೀರು ತಾಗದಂತೆ ಗೊನೆಗೊಂದು ಕೊಡೆ. ಸಾವಿರ ಮರ ಇದ್ದರೆ ಸಾವಿರ ಸಲ ಏರಿ ಇಳಿಯಬೇಕು. ಕೋಲ್ಮನ್ ಅದರ ಬದಲು ಬೋರ್ಡೋ ಹೊಡೆದು ತೋರಿಸಿದರು.

ದ್ರಾಕ್ಷಿಯ ಮದ್ದು ಅಡಿಕೆಗೆ ಹೇಗೆ ನಾಟಿತು? ಎರಡೂ ರೋಗದ ಜೀವಿಗಳು ನೆಂಟರು. ನೋಡಲು ಬೂಸ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರಗಳಲ್ಲ, ಪಾಚಿಗಳಿಗೆ ಹತ್ತಿರ. ಅವುಗಳ ಬೀಜಕಣಗಳಿಗೆ ಬಾಲ ಇರುತ್ತದೆ. ಎಲೆಯ ಮೇಲೆ, ಕಾಯಿಯ ಮೇಲೆ ನಿಂತ ನೀರಿನಲ್ಲಿ ಈಜಿಕೊಂಡು ಒಳಗೆ ನುಗ್ಗಲು ದಾರಿ ಹುಡುಕುತ್ತವೆ. ಅಲ್ಲಿ ಮೊದಲೇ ತಾಮ್ರ ಕೂತಿದ್ದರೆ ಸಾಯುತ್ತವೆ. ಅದಕ್ಕೇ ಮಳೆಗೆ ಮೊದಲೇ ಹೊಡೆಯಬೇಕು. ರೋಗ ಬಂದ ಮೇಲೆ ಹೊಡೆದು ದೊಡ್ಡ ಪ್ರಯೋಜನ ಇಲ್ಲ.

ತಾಮ್ರಕ್ಕೂ ಒಂದು ಲೆಕ್ಕ ಇದೆ ಅನ್ನುವುದನ್ನೂ ಹೇಳಲೇಬೇಕು. ಅದು ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತದೆ. ಬೋರ್ಡೋದ ಹಳೇ ತೋಟಗಳಲ್ಲಿ ಎರೆಹುಳಕ್ಕೆ ಇದು ಕಷ್ಟ ಕೊಟ್ಟಿದೆ. ಯುರೋಪಿಯನ್ ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ, ಅದಕ್ಕಿಂತ ಹೆಚ್ಚು ಬೇಡ ಎಂದು ಮಿತಿ ಹಾಕಿತು. ನಮ್ಮ ತೋಟಗಳಲ್ಲೂ ಈ ಲೆಕ್ಕ ಹಾಕುವ ಕಾಲ ಬಂದಿದೆ ಅಂತ ನನಗೆ ಅನ್ನಿಸುತ್ತದೆ.

ಮತ್ತೆ ಮೇಷ್ಟ್ರ ಮನೆಗೆ. ವೈನ್ ಹೂಜಿಯಲ್ಲಿ ಅರ್ಧ ಗಂಟೆ ಇತ್ತು. ಹಳೇ ವೈನನ್ನು ಜಾಸ್ತಿ ಹೊತ್ತು ಗಾಳಿಗೆ ಬಿಡಬಾರದು, ಉಳಿದಿರುವ ನಾಜೂಕು ವಾಸನೆಯೂ ಹಾರಿಹೋಗುತ್ತದೆ. ಎಲ್ಲರ ಗ್ಲಾಸಿಗೂ ಮೂರು ಬೆರಳಿನಷ್ಟು ಬಿತ್ತು.

ಮೊದಲು ಬಣ್ಣ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ನೋಡಿದೆ. ನಡುವೆ ಇನ್ನೂ ದಟ್ಟ ಕೆಂಪು. ಅಂಚಿಗೆ ಬಂದಂತೆ ಹಂಚಿನ ಬಣ್ಣ. ಆಮೇಲೆ ವಾಸನೆ. ಅಲ್ಲಿನವರು ಬ್ಲಾಕ್‌ಕರಂಟ್, ಸೀಡರ್ ಎನ್ನುತ್ತಾರೆ. ಅವು ನನ್ನ ಬಾಲ್ಯದಲ್ಲಿ ಇರಲಿಲ್ಲ. ಅವರ ಪದಗಳನ್ನು ಬಾಯಿಪಾಠ ಮಾಡಬೇಡಿ ಅಂತ ನಿಮಗೆ ನಾನು ಕೇಳಿಕೊಳ್ಳುವುದು ಅದಕ್ಕೇ. ನನಗೆ ಮೊದಲು ಬಂದಿದ್ದು ಪೆನ್ಸಿಲ್ ಚೂಪು ಮಾಡಿದಾಗಿನ ವಾಸನೆ. ಹಿಂದೆಯೇ ಒಣಗಿದ ಹೊಗೆಸೊಪ್ಪು, ಅಜ್ಜನ ಎಲೆಪೆಟ್ಟಿಗೆ ತೆಗೆದಂತೆ. ಗ್ಲಾಸನ್ನು ಸ್ವಲ್ಪ ಸುತ್ತಿಸಿದಾಗ ಒದ್ದೆ ತರಗೆಲೆ, ಅಣಬೆ ಏಳುವ ನೆಲ. ಎಲ್ಲದರ ಅಡಿಯಲ್ಲಿ ಚೆನ್ನಾಗಿ ಹಣ್ಣಾದ ನೇರಳೆ.

ಬಾಯಿಗೆ ಹಾಕಿದಾಗ ಹುಳಿ ಮೊದಲು ಬಂತು. ತೆಳ್ಳಗೆ, ಚುರುಕಾಗಿ. ಹಣ್ಣು ಆಮೇಲೆ. ನಾನು ಒಗರಿಗೆ ಕಾಯುತ್ತಿದ್ದೆ. ಅದು ಬಂತು, ಆದರೆ ಎಳೆಯಲಿಲ್ಲ. ನಾಲಿಗೆಯ ಮೇಲೆ ಹಳೇ ಹತ್ತಿ ಬಟ್ಟೆ ಹಾಸಿದ ಹಾಗಾಯಿತು. ನುಂಗಿದ ಮೇಲೂ ರುಚಿ ಹೋಗಲಿಲ್ಲ. ನಿಮಿಷದ ಮೇಲೂ ಆ ಹೊಗೆಸೊಪ್ಪು, ಆ ನೇರಳೆ ಬಾಯಲ್ಲೇ ಇದ್ದವು. ಎರಡು ಗ್ಲಾಸಿನ ಆಚೆ ನಾನು ಹೋಗಲಿಲ್ಲ. ಗಡಿಬಿಡಿಯಲ್ಲಿ ಕುಡಿಯುವ ವಸ್ತು ಅದಲ್ಲ.

ಆ ಮೆದು ಸುಮ್ನೆ ಬರುವುದಿಲ್ಲ. ವೈನ್ ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ ಇರುತ್ತದೆ. ಒಂದು ಪೀಪಾಯಿಗೆ 225 ಲೀಟರ್. ಹಳೇ ಪದ್ಧತಿಯಲ್ಲಿ ಮೂರು ತಿಂಗಳಿಗೊಮ್ಮೆ ಗಷ್ಟು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ಅಲ್ಲೂ ಮೇಣದ ಬತ್ತಿಯೇ. ಕೊನೆಗೆ ಪೀಪಾಯಿಗೆ ಐದಾರು ಕೋಳಿಮೊಟ್ಟೆಯ ಬಿಳಿ ಲೋಳೆ ಕದಡಿ ಹಾಕುತ್ತಾರೆ. ಒರಟು ಟ್ಯಾನಿನ್ ಅದಕ್ಕೆ ಅಂಟಿ ತಳಕ್ಕಿಳಿಯುತ್ತದೆ. ಜೊಲ್ಲಿನಲ್ಲಿ ಆಗುವುದೇ ಇಲ್ಲೂ ಆಗುವುದು. ಇದರ ಹಿಂದಿನ ರಸಾಯನವನ್ನು ಬಿಡಿಸಿ ಹೇಳಿದವರು ಬೋರ್ಡೋ ವಿಶ್ವವಿದ್ಯಾಲಯದ ಜಾಂ ರಿಬೆರೋ-ಗೈಯೋನ್ ಮತ್ತು ಎಮಿಲ್ ಪೆಯ್ನೋ. ರಿಬೆರೋ-ಗೈಯೋನ್ ಬೇರೆ ಯಾರೂ ಅಲ್ಲ, ಮಿಯಾರ್ದೆ ಜೊತೆ ಮೈಲುತುತ್ತ ಅಳೆದ ಉಲಿಸ್ ಗೈಯೋನ್ ಅವರ ಮೊಮ್ಮಗ.

ಪ್ರಶ್ನೆಗಳಲ್ಲಿ ಮೊದಲನೆಯದು, ಬೆಂಗಳೂರಿನಲ್ಲಿ ಇಂಥ ಬಾಟಲಿ ಇಡಬಹುದಾ? ವರ್ಷಗಟ್ಟಲೆ ಇಡಲು ಸುಮಾರು 12ರಿಂದ 14 ಡಿಗ್ರಿ ತಂಪು, ಕತ್ತಲೆ, ಸ್ವಲ್ಪ ತೇವ ಬೇಕು. ನಮ್ಮ ಅಡುಗೆಮನೆಯ ಕಪಾಟು ಇದಕ್ಕೆ ಆಗುವುದಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ವೈನ್ ಬೆಂದಂತಾಗುತ್ತದೆ. ಕುಡಿಯುವಾಗಲೂ 17 ಡಿಗ್ರಿ ಆಸುಪಾಸು ಇರಲಿ. ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಅನ್ನುವ ಮಾತು ಹುಟ್ಟಿದ್ದು ಚಳಿ ದೇಶದ ಹಳೇ ಕಲ್ಲಿನ ಮನೆಗಳಲ್ಲಿ.

ಎರಡನೆಯದು, ನಂದಿ ಬೆಟ್ಟದ ಬುಡದ ವೈನ್ ಹೀಗೆ ಮಾಗುತ್ತದಾ? ಅಲ್ಲೂ ಕ್ಯಾಬರ್ನೆ ಇದೆ, ಶಿರಾಜ್ ಇದೆ. ಆದರೆ ನಮ್ಮಲ್ಲಿ ಬಳ್ಳಿ ಚಳಿಗಾಲದ ನಿದ್ದೆಗೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿ, ಮಳೆಗಾಲ ತಪ್ಪಿಸಿ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಯುತ್ತಾರೆ. ಅದು ಬೇರೆಯೇ ಒಂದು ಬೇಸಾಯ. ಕೆಲವು ವರ್ಷ ಇಟ್ಟು ಕುಡಿದ ಒಳ್ಳೆಯ ಬಾಟಲಿಗಳು ನನಗೆ ಸಿಕ್ಕಿವೆ. ಇಪ್ಪತ್ತು ವರ್ಷದ್ದು ಇನ್ನೂ ಸಿಕ್ಕಿಲ್ಲ.

ಆ ಊಟದ ಮರುದಿನ ಊರಿಗೆ ಫೋನ್ ಮಾಡಿದೆ. ಜೂನ್ ಕೊನೆ ಅಂದೆನಲ್ಲ, ಮನೆಯಲ್ಲಿ ಅರ್ಧ ತೋಟಕ್ಕೆ ಮಾತ್ರ ಮದ್ದು ಹೊಡೆದಾಗಿತ್ತು. ಮಳೆ ಬಿಡುವು ಕೊಡುತ್ತಿರಲಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮೂರು ದಿನದಿಂದ ಬಂದು ವಾಪಸ್ ಹೋಗುತ್ತಿದ್ದ. ಅಪ್ಪನಿಗೆ ಸ್ಯಾಂ-ಜೂಲಿಯೆನ್ ಕಥೆ ಪೂರ್ತಿ ಹೇಳಿದೆ. ಅವರು ಮಧ್ಯೆ ಮಾತಾಡದೆ ಕೇಳಿದರು. ಆಮೇಲೆ ಕೇಳಿದರು, ‘ಅಲ್ಲಿ ಮಳೆ ಎಷ್ಟಾಗ್ತದೆ?’

ವರ್ಷಕ್ಕೆ ಒಂಬತ್ತು ನೂರು ಮಿಲಿಮೀಟರ್ ಚಿಲ್ಲರೆ ಅಂದೆ.

‘ಅಷ್ಟು ನಮ್ಮಲ್ಲಿ ಜುಲೈ ಒಂದೇ ತಿಂಗಳಿಗೆ ಆಗ್ತದಲ್ಲೋ’ ಎಂದರು. ‘ಮದ್ದು ಮಳೆಗೆ ತೊಳೆದುಹೋಗದ ಹಾಗೆ ಅವರು ಅಂಟಿಗೆ ಏನು ಹಾಕ್ತಾರೆ ಕೇಳು.’